ಮೊದಲ ಲೋಟ ಸುರಿದ ಕೈ

ನಮ್ಮ ಊರಿನಲ್ಲಿ ಕುಡಿದವನು ಬಿದ್ದರೆ ಅವನಿಗೆ ಪೆಟ್ಟಾಗುವುದಿಲ್ಲ. ಎದ್ದು ಮಣ್ಣು ಕೊಡವಿಕೊಂಡು, ಬಿದ್ದ ಜಾಗಕ್ಕೇ ನಾಲ್ಕು ಬೈದು, ಹಾಡು ಹೇಳಿಕೊಂಡು ಮುಂದೆ ಹೋಗುತ್ತಾನೆ. ಅವನಿಗೆ ಒಡೆಯಬೇಕಾದ ಮಂಡಿ ಆವತ್ತು ಅವನಿಗೆ ಪಾರ್ಟಿ ಕೊಟ್ಟ ಮನೆಯಲ್ಲಿ, ಮೊದಲ ಲೋಟ ಸುರಿದವರ ಕಾಲಿನಲ್ಲಿ ಒಡೆಯುತ್ತದೆ. ಅವನು ಸ್ಕೂಟರಿನಲ್ಲಿ ಹೋಗಿ ಯಾರಿಗಾದರೂ ಗುದ್ದಿದರೆ ಅವರಿಗೂ ಏನೂ ಆಗುವುದಿಲ್ಲ. ಇಬ್ಬರ ಪೆಟ್ಟೂ ಕೂಡಿ ಸುರಿದವರ ಮೈಗೇ ಬರುತ್ತದೆ. ಕುಡಿದವನು ಒಂದು ನಿದ್ದೆ ತೆಗೆದು ಏಳುವವರೆಗೂ ಹೀಗೆ. ಎದ್ದ ಮೇಲೆ ಅವನ ನೋವು ಅವನದು.

ಹಾಗಾಗಿ ನಮ್ಮಲ್ಲಿ ಪಾರ್ಟಿಗಳೆಲ್ಲ ಹಾಡಹಗಲಲ್ಲೇ ನಡೆಯುತ್ತವೆ. ಬಂದವರ ಕಾಲು ಎಲ್ಲಿ ಬೀಳುತ್ತದೆ, ಕಣ್ಣು ಎಷ್ಟು ಕೆಂಪಾಗಿದೆ ಎಂದು ನೋಡಲು ಬೆಳಕು ಬೇಕಲ್ಲ. ಮನೆಯ ಯಜಮಾನ ತಾನೇ ಸುರಿಯುವ ಧೈರ್ಯ ಮಾಡುವುದಿಲ್ಲ, ನನ್ನಂಥವರನ್ನು ಕರೆಸುತ್ತಾನೆ. ನಾನು ಮೊದಲ ಲೋಟ ಸುರಿದೆನೆಂದರೆ ಆವತ್ತಿನ ಹೊಣೆ ನನ್ನದು. ಆಮೇಲೆ ಯಾರು ಬೇಕಾದರೂ ಸುರಿದುಕೊಳ್ಳಬಹುದು. ಇದಕ್ಕೆ ಒಂದು ಸೀರೆ, ಒಂದು ಹೊತ್ತಿನ ಊಟ, ಬಂದವರ ತಲೆ ಎಣಿಸಿ ಒಂದಿಷ್ಟು ದುಡ್ಡು. ನನ್ನ ಅತ್ತೆ ಇದೇ ಕೆಲಸ ಮಾಡಿದರು, ಅವರಿಂದ ನಾನು ಕಲಿತೆ. ಚೌಡಮ್ಮ ಎಂದರೆ ಊರಿನಲ್ಲಿ ಎಲ್ಲರೂ ಎದ್ದು ನಿಂತು ಮಾತನಾಡಿಸುತ್ತಾರೆ. ಇದು ನನ್ನ ಜಂಬ ಅಂತ ಬೇಕಾದರೆ ಅಂದುಕೊಳ್ಳಿ, ಜಂಬ ಪಡುವಷ್ಟು ಕೆಲಸ ನಾನು ಮಾಡಿದ್ದೇನೆ.

ಹೊಣೆ ಹೊತ್ತುಕೊಳ್ಳುವುದು ದೊಡ್ಡದಲ್ಲ, ಪೆಟ್ಟೇ ಬಾರದಂತೆ ನೋಡಿಕೊಳ್ಳುವುದು ದೊಡ್ಡದು. ಊಟ ಮುಗಿಯುತ್ತಿದ್ದಂತೆ ಬಂದವರನ್ನೆಲ್ಲ ಅಲ್ಲೇ ಮಲಗಿಸಿಬಿಡಬೇಕು. ಚಾಪೆ ಹಾಸಬೇಕು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಬೇಕು, ಮೊಸರನ್ನ ಸ್ವಲ್ಪ ಜಾಸ್ತಿಯೇ ಬಡಿಸಬೇಕು. ಕೆಲವರಿಗೆ ನೆತ್ತಿಗೆ ಹರಳೆಣ್ಣೆ ತಟ್ಟಿದರೆ ಸಾಕು. ಕೆಲವರಿಗೆ ಲಾಲಿ ಹಾಡಬೇಕು, ಅದೂ ಅವರ ತಾಯಿ ಹಾಡುತ್ತಿದ್ದ ಧಾಟಿಯಲ್ಲೇ. ನಮ್ಮ ಊರಿನ ತಹಶೀಲ್ದಾರರನ್ನು ನಾನು ಪಂಚಾಯ್ತಿ ಜಗಳದ ಕಥೆ ಹೇಳಿ ಮಲಗಿಸಿದ್ದೇನೆ. ನಾನು ಮಲಗಿಸದ ಗಂಡಸು ಈ ಊರಿನಲ್ಲಿಲ್ಲ. ನಗಬೇಡಿ, ನನ್ನ ಗಂಡನೂ ಇದನ್ನೇ ಹೇಳಿಕೊಂಡು ಊರೆಲ್ಲ ನಗಿಸುತ್ತಿದ್ದ.

ಇಷ್ಟು ವರ್ಷದಲ್ಲಿ ನನ್ನ ಮೈಮೇಲೆ ಇರುವ ಗಾಯದ ಕಲೆಗಳು ಬೆರಳಲ್ಲಿ ಎಣಿಸುವಷ್ಟು. ಒಂದೊಂದಕ್ಕೂ ಒಂದೊಂದು ಹೆಸರಿದೆ. ಹುಬ್ಬಿನ ಮೇಲಿನದು ಕಂಟ್ರಾಕ್ಟರ್ ಬೋರಲಿಂಗು, ಮೊಣಕೈಯದ್ದು ಅವನ ಷಡ್ಡಕ. ಪಾದದ ಮೇಲಿನ ಸುಟ್ಟ ಕಲೆ ಒಬ್ಬ ಬ್ಯಾಂಡ್‌ಸೆಟ್ಟಿನವನದು. ನಿದ್ದೆ ಬಂದಂತೆ ನಟಿಸಿ, ಹಿಂಬಾಗಿಲಿನಿಂದ ಹೋಗಿ ಬಿಸಿ ಬಾಣಲೆಗೆ ಕಾಲಿಟ್ಟಿದ್ದ. ಆವತ್ತಿನಿಂದ ನಾನು ಗೊರಕೆ ಕೇಳದೆ ಯಾರನ್ನೂ ನಂಬುವುದಿಲ್ಲ.

ಒಮ್ಮೆ ಹೊರಗಿನ ಊರಿನಿಂದ ವಿಮೆ ಕಂಪನಿಯ ಏಜೆಂಟನೊಬ್ಬ ಬಂದಿದ್ದ. ಪಾರ್ಟಿ ಕೊಡುವ ಯಜಮಾನರಿಗೆಂದೇ ಒಂದು ಪಾಲಿಸಿ ತಂದಿದ್ದೇನೆ, ಅತಿಥಿಗಳು ಕುಡಿದು ಏನೇ ಅನಾಹುತ ಮಾಡಲಿ, ಕಂಪನಿ ಕಟ್ಟಿಕೊಡುತ್ತದೆ ಎಂದು ಊರ ಪ್ರಮುಖರನ್ನೆಲ್ಲ ಕೂಡಿಸಿ ಭಾಷಣ ಮಾಡಿದ. "ಏನ್ ಕಟ್ಟಿಕೊಡ್ತಿಯಪ್ಪ?" ಎಂದು ಕೇಳಿದೆ. "ದುಡ್ಡು ಅಮ್ಮಾ," ಎಂದ. "ಮೂಳೆ ಕಟ್ಟಿಕೊಡೋರು ನಾವು ಕಣೋ," ಎಂದೆ. ಅವನು ನಕ್ಕು, ಖುಷಿಯಲ್ಲಿ ತಾನೇ ಎಲ್ಲರಿಗೂ ಸುರಿದುಬಿಟ್ಟ. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಕೈಮೀರಿತ್ತು. ಸಂಜೆಯ ಬಸ್ಸಿಗೆ ಅವನು ಹೊರಟಾಗ ಒಂದು ಕಣ್ಣು ಊದಿತ್ತು, ಒಂದು ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಪಾಪ, ಟಿಕೆಟಿನ ಚಿಲ್ಲರೆಯನ್ನು ಅವನ ಜೇಬಿನಿಂದ ನಾನೇ ತೆಗೆದುಕೊಟ್ಟೆ.

ನನ್ನ ಸೊಸೆ ನೀಲಾ ಕೂಡ ಹೊರಗಿನ ಊರಿನವಳೇ. ಮಗ ಲಾರಿ ಡ್ರೈವರ್. ದೂರದ ಲೋಡಿಗೆ ಹೋಗಿದ್ದಾಗ ಅಲ್ಲಿ ಇವಳನ್ನು ನೋಡಿ ಮೆಚ್ಚಿದ. ಮದುವೆಯಾಗಿ ಬಂದ ಹೊಸತರಲ್ಲಿ ನೀಲಾ ಕಣ್ಣರಳಿಸಿ, "ನಮ್ಮೂರಲ್ಲಿ ಬಿದ್ದೋನ್ ಕಾಲೇ ಮುರಿಯುತ್ತೆ ಅತ್ತೆ," ಎಂದಿದ್ದಳು. "ಎಂಥಾ ಅನ್ಯಾಯದ ಊರು ನಿಮ್ದು!" ಎಂದು ನಾನು ರೇಗಿಸಿದ್ದೆ. ಅವಳದು ಮಾತು ಕಡಿಮೆ, ಕೆಲಸ ಚುರುಕು. ಆದರೆ ನನಗೆ ಅವಳ ಮೇಲೆ ಒಂದು ಅಸಮಾಧಾನ ಇದ್ದೇ ಇತ್ತು. ಮಲಗಿಸುವ ಕೈಗುಣ ಅವಳಿಗೆ ಬರಲೇ ಇಲ್ಲ. ಅವಳು ಲಾಲಿ ಹಾಡಿದರೆ ಮಲಗಿದವರೂ ಎದ್ದು ಕೂರುತ್ತಿದ್ದರು. ಹಾಗಾಗಿ ಚಾಪೆ ಹಾಸುವುದು, ನೀರು ಕೊಡುವುದು ಬಿಟ್ಟು ಬೇರೇನೂ ಅವಳಿಗೆ ಒಪ್ಪಿಸುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ನನ್ನ ಸೊಂಟ ಹಿಡಿದುಕೊಳ್ಳತೊಡಗಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಮೂಳೆ ಟೊಳ್ಳಾಗಿದೆ, ಇನ್ನೊಂದು ಪೆಟ್ಟು ಬಿದ್ದರೆ ಹಾಸಿಗೆಯೇ ಗತಿ, ಈ ಕೆಲಸ ಬಿಡಿ ಎಂದರು. ನಾನು ಹೂಂ ಎಂದು ಬಂದೆ, ಮನೆಯಲ್ಲಿ ಬಾಯಿ ಬಿಡಲಿಲ್ಲ. ಸೋಡಾ ಕಾಳಪ್ಪನ ಪಾರ್ಟಿಗೆ ಆಗಲೇ ಒಪ್ಪಿಕೊಂಡಾಗಿತ್ತು. ಒಪ್ಪಿದ ಮೇಲೆ ಚೌಡಮ್ಮ ಹಿಂದೆ ಸರಿದಳು ಎನ್ನಿಸಿಕೊಳ್ಳುವುದಕ್ಕಿಂತ ಸೊಂಟ ಮುರಿದುಕೊಂಡರೇ ವಾಸಿ ಎನ್ನಿಸಿತು.

ಕಾಳಪ್ಪ ಮುಚ್ಚಿಹೋಗಿದ್ದ ತನ್ನ ಗೋಲಿಸೋಡಾ ಫ್ಯಾಕ್ಟರಿಯನ್ನು ಮತ್ತೆ ತೆರೆದಿದ್ದ. ಆ ಸಂತೋಷಕ್ಕೆ ಫ್ಯಾಕ್ಟರಿಯ ಅಂಗಳದಲ್ಲೇ ಶಾಮಿಯಾನ ಹಾಕಿಸಿ ಊಟ ಇಟ್ಟಿದ್ದ. ಆವತ್ತು ಸಂತೆ ಬೇರೆ. ಫ್ಯಾಕ್ಟರಿಯ ಗೇಟಿನಿಂದಲೇ ಇಳಿಜಾರು ಶುರು. ಕೆಳಗೆ ಸೇತುವೆ, ಸೇತುವೆ ದಾಟಿದರೆ ಸಂತೆಯ ಜನ. ನನ್ನ ಅತ್ತೆಯ ಕಾಲದಲ್ಲಿ ಅದೇ ಇಳಿಜಾರಿನಲ್ಲಿ ಕುಡಿದವನೊಬ್ಬ ಜೀಪು ಬಿಟ್ಟುಕೊಂಡು ಹೋಗಿ ಸಂತೆಗೆ ನುಗ್ಗಿಸಿದ್ದ. ಸಂತೆಯಲ್ಲಿ ಒಬ್ಬರಿಗೂ ತರಚು ಗಾಯ ಆಗಲಿಲ್ಲ. ಮೊದಲ ಲೋಟ ಸುರಿದಿದ್ದ ಹೊನ್ನಮ್ಮ ಎಂಬಾಕೆ ಮಾತ್ರ, ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವಳು, ಕೂತಲ್ಲೇ ಹೋಗಿಬಿಟ್ಟಳು. ಅದನ್ನು ನನ್ನ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು.

ಎಲ್ಲರೂ ಕೂತರು. ಕಾಳಪ್ಪ ಬಾಟಲಿ ಹಿಡಿದು ನಿಂತು, ಪದ್ಧತಿಯಂತೆ, "ಹೊಣೆ ಯಾರ್ದು?" ಎಂದು ಗಟ್ಟಿಯಾಗಿ ಕೇಳಿದ. ನಾನು ಸೆರಗು ಸರಿಮಾಡಿಕೊಂಡು ಏಳಲು ಹೋದೆ. ಸೊಂಟ ಚುಳುಕ್ಕೆಂದಿತು, ಅರ್ಧಕ್ಕೇ ನಿಂತೆ. ಅಷ್ಟರಲ್ಲಿ ನನ್ನ ಹಿಂದಿನಿಂದ, "ನಂದು," ಎಂಬ ದನಿ ಕೇಳಿಸಿತು. ನೀಲಾ ಮುಂದೆ ಹೋಗಿ ಕಾಳಪ್ಪನ ಕೈಯಿಂದ ಬಾಟಲಿ ತೆಗೆದುಕೊಂಡು, ಹತ್ತಿರದ ಲೋಟಕ್ಕೆ ಸುರಿದೇಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳನ್ನು ಸೋಡಾ ಕ್ರೇಟುಗಳ ಹಿಂದಕ್ಕೆ ಎಳೆದುಕೊಂಡು ಹೋಗಿ, "ಏನೇ ಮಾಡ್ದೆ? ನಿನಗ್ಯಾರೇ ಹೇಳಿದ್ದು?" ಎಂದೆ.

"ಡಾಕ್ಟರ ಮನೆಗೆ ನೀರು ತರೋ ರತ್ನಿ ನಂಗೆಲ್ಲಾ ಹೇಳಿದ್ಲು ಅತ್ತೆ. ನೀವು ಹೇಳ್ದೆ ಇದ್ರೆ ಗೊತ್ತಾಗಲ್ವಾ?"

"ನನ್ನ ಸೊಂಟ ನನ್ ಇಷ್ಟ. ನಿನಗೆ ಒಬ್ಬರನ್ನಾದ್ರೂ ಮಲಗಿಸಕ್ಕೆ ಬರುತ್ತಾ?"

"ಮಲಗ್ಸೋದು ನೀವು ಮಾಡಿ. ಮೈ ನಂದಿರ್ಲಿ," ಎಂದಳು, ನಾಳೆ ಏನು ಸಾರು ಎಂದು ಹೇಳುವಷ್ಟು ಸಲೀಸಾಗಿ. ನನಗೆ ಹೆದರಿಕೆ ಆಯಿತು. ನನ್ನ ಮೈ ಹೊಣೆಯಲ್ಲಿದ್ದಾಗ ಎಂದೂ ಆಗದಷ್ಟು ಹೆದರಿಕೆ ಆಯಿತು.

ಆವತ್ತು ನಾನು ಮಾಡಿದ ಕೆಲಸವನ್ನು ನನ್ನ ಅತ್ತೆ ಇದ್ದಿದ್ದರೆ ನೋಡಬೇಕಿತ್ತು. ಮೊಸರನ್ನಕ್ಕೆ ಬಾಳೆಹಣ್ಣು ಹಿಸುಕಿಸಿದೆ. ಒಬ್ಬೊಬ್ಬರ ತಲೆದಿಂಬನ್ನೂ ನಾನೇ ಸರಿಪಡಿಸಿದೆ. ಕಾಳಪ್ಪನ ತಮ್ಮ, ಅಕ್ಕಿ ಮಿಲ್ಲಿನವರು, ಪೋಸ್ಟ್ ಮಾಸ್ತರು, ಅವರ ಹೆಂಡತಿ ಎಲ್ಲರೂ ಸಾಲಾಗಿ ಮಲಗಿದರು. ಶಾಮಿಯಾನದಡಿ ಗೊರಕೆಗಳು ಒಂದರ ಹಿಂದೊಂದು ಹೊರಟವು. ನಾನು ಕೊನೆಯ ಚಾಪೆಯ ಹತ್ತಿರ ಬಂದೆ. ಅಲ್ಲಿ ಶಂಭಯ್ಯ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮೇಲೆ ನೋಡುತ್ತಾ ಮಲಗಿದ್ದ.

ಶಂಭಯ್ಯ ರಾತ್ರಿ ಬಸ್ಸಿನ ಡ್ರೈವರಾಗಿದ್ದವನು. ರಿಟೈರ್ ಆಗಿ ಹಿಂದಿನ ತಿಂಗಳಷ್ಟೇ ಊರಿಗೆ ಬಂದು ನೆಲೆಸಿದ್ದ. ಇದು ಅವನ ಮೊದಲ ಪಾರ್ಟಿ, ನನ್ನ ಕೈಗೆ ಸಿಕ್ಕಿದ್ದೂ ಇದೇ ಮೊದಲು. ಎಣ್ಣೆ ತಟ್ಟಿದೆ, ಲಾಲಿ ಹಾಡಿದೆ, ತಹಶೀಲ್ದಾರರನ್ನು ಕೆಡವಿದ ಪಂಚಾಯ್ತಿ ಕಥೆಯನ್ನು ಹೇಳಿದೆ. ಅವನು ಕಥೆಯಲ್ಲಿ ತಪ್ಪು ಹುಡುಕಿ ತಿದ್ದಿದ. ಕಡೆಗೆ ಎದ್ದು ಕೂತು, "ಬುಡಮ್ಮಾ, ನಂಗೆ ಬರಾಕಿಲ್ಲ. ಸರ್ವಿಸ್‌ಗೆ ಸೇರ್ದಾಗಿಂದ ಸರಿಯಾಗಿ ಬಂದಿಲ್ಲ. ಮನೇಗೋಯ್ತೀನಿ," ಎಂದು ಜೇಬಿನಿಂದ ಬೈಕಿನ ಕೀ ತೆಗೆದ. ಮಾತು ನೆಟ್ಟಗಿತ್ತು, ಕಾಲು ನೆಟ್ಟಗಿರಲಿಲ್ಲ.

"ಸ್ವಲ್ಪ ತಡಿ ಶಂಭಯ್ಯ," ಎಂದೆ.

"ನನ್ನೇನ್ ತೊಟ್ಟಿಲ ಕೂಸು ಅನ್ಕಂಡ್ರಾ? ಬಸ್ ಓಡ್ಸಿದೋನು ನಾನು. ಈ ಬೈಕು ಯಾವ ಲೆಕ್ಕ?"

ಕುಡಿದವರನ್ನು ಹಿಡಿದು ಕೂಡಿಹಾಕುವಂತಿಲ್ಲ. ಯಾರೋ ಒಬ್ಬರು ಹಿಂದೆ ಹಗ್ಗ ಹಾಕಿ ಕಟ್ಟಿ ನೋಡಿದ್ದರು. ಹಗ್ಗದ ಬರೆ ಸುರಿದವಳ ಮಣಿಕಟ್ಟಿನ ಮೇಲೇ ಎದ್ದಿತ್ತು. ಕಾಳಪ್ಪ ಕೈ ಹಿಸುಕಿಕೊಳ್ಳುತ್ತಾ ನಿಂತ. ನಾನು ಗೇಟಿನ ಹೊರಗೆ ನೋಡಿದೆ. ಇಳಿಜಾರು, ಸೇತುವೆ, ಆಚೆ ಸಂತೆಯ ಜನ. ದೇವರೇ, ಈ ಹುಡುಗಿಯನ್ನು ಉಳಿಸು, ಬೇಕಾದರೆ ನನ್ನ ಎರಡೂ ಸೊಂಟ ತಗೋ ಎಂದು ಬೇಡಿಕೊಂಡೆ. ಮನುಷ್ಯರಿಗೆ ಇರುವುದು ಒಂದೇ ಸೊಂಟ ಎಂಬುದೂ ಆಗ ನೆನಪಿಗೆ ಬರಲಿಲ್ಲ.

ನೀಲಾ ಅವನನ್ನು ತಡೆಯಲು ಹೋಗಲಿಲ್ಲ. ಬೈಕಿನ ಪಕ್ಕದಲ್ಲಿ ನಿಂತು, "ಅಣ್ಣಾ, ರಾತ್ರಿ ಡ್ಯೂಟೀಲಿ ನಿಮ್ಗೆ ನಿದ್ದೆ ಬಂದ್ರೆ ಬಸ್ ಯಾರು ಹಿಡೀತಿದ್ರು?" ಎಂದು ಕೇಳಿದಳು.

"ಯಾರ್ ಹಿಡೀತಾರವ್ವ? ಕಂಡಕ್ಟರೂ ಮಲಗೋನು, ಜನಾನೂ ಮಲಗೋರು. ಎಚ್ಚರ ಇರ್ತಿದ್ದೋನು ನಾನೊಬ್ನೆ."

"ಯಾವತ್ತೂ ನೀವು ಹಿಂದಿನ್ ಸೀಟಲ್ಲಿ ಕೂತಿಲ್ವಾ?"

ಶಂಭಯ್ಯ ಕೈಯಲ್ಲಿದ್ದ ಕೀಯನ್ನು ತಿರುಗಿಸಿ ನೋಡಿದ. "ಇಲ್ಲ ಕಣವ್ವ," ಎಂದ, ತನಗೇ ಆಗ ಗೊತ್ತಾದವನ ಹಾಗೆ.

"ಹಂಗಾದ್ರೆ ಇವತ್ತು ಕೂತ್ಕೊಳಿ. ನಿಮ್ ಮನೇತನಕ ನಾನು ಬಿಡ್ತೀನಿ," ಎಂದು ನೀಲಾ ಕಾಳಪ್ಪನ ತಮ್ಮನ ಆಟೋದ ಕಡೆ ಕೈ ತೋರಿಸಿದಳು. ಅವಳ ಅಪ್ಪ ತಮ್ಮ ಊರಿನಲ್ಲಿ ಆಟೋ ಇಟ್ಟುಕೊಂಡಿದ್ದವನು. ಅವನಿಗೆ ಜ್ವರ ಬಂದ ದಿನ ಇವಳೇ ಓಡಿಸುತ್ತಿದ್ದಳಂತೆ. ಈ ಊರಿನಲ್ಲಿ ಅದರ ಸುದ್ದಿ ಎತ್ತಬೇಡ, ಆಡಿಕೊಳ್ಳುತ್ತಾರೆ ಎಂದು ನಾನೇ ಅವಳಿಗೆ ಹೇಳಿದ್ದೆ. ಈಗ ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಶಂಭಯ್ಯನಿಗೆ ಹೆಣ್ಣುಮಗಳು ಹೇಗೆ ಓಡಿಸುತ್ತಾಳೆ ಎಂದು ನೋಡುವ ಆಸೆಯೂ ಆಗಿರಬೇಕು. ಕೀ ಜೇಬಿಗೆ ಹಾಕಿಕೊಂಡು ಹತ್ತಿದ. ನಾನೂ ಸೊಂಟ ಹಿಡಿದುಕೊಂಡು ಅವನ ಪಕ್ಕದಲ್ಲಿ ಕೂತೆ.

ಡ್ರೈವರಾಗಿದ್ದವನನ್ನು ಹಿಂದೆ ಕೂರಿಸಿಕೊಂಡು ಹೋಗುವ ಕಷ್ಟ ಶತ್ರುವಿಗೂ ಬೇಡ. ಗೇಟು ದಾಟುವ ಮೊದಲೇ ಶುರುಮಾಡಿದ. "ಗೇರ್ ಇಳ್ಸು. ಎಡಕ್ ತಗಾ. ಹಾರನ್ ಹೊಡಿ, ಹಾರನ್!" ಅವನ ಬಲಗಾಲು ನೆಲದ ತಗಡನ್ನೇ ಬ್ರೇಕ್ ಎಂದು ತಿಳಿದು ತುಳಿಯುತ್ತಿತ್ತು. ನೀಲಾ ಹೂಂ ಅಣ್ಣ, ಹೂಂ ಅಣ್ಣ ಎನ್ನುತ್ತಾ ತನಗೆ ತೋಚಿದ ಹಾಗೇ ಓಡಿಸಿದಳು. ಸೇತುವೆಯ ಹತ್ತಿರ ಒಂದು ಮೇಕೆ ಅಡ್ಡ ಬಂತು. ಅವಳು ಆಗಲೇ ಬ್ರೇಕ್ ಒತ್ತಿದ್ದಳು, ಆದರೂ ಇವನು ತಡೆಯಲಾರದೆ ಹ್ಯಾಂಡಲ್ಲಿಗೇ ಕೈ ಹಾಕಲು ಮುಂದಕ್ಕೆ ನುಗ್ಗಿದ. ಸೀಟಿನ ಹಿಂದಿನ ಕಬ್ಬಿಣದ ಸರಳಿಗೆ ಅವನ ಬೆರಳ ಗಿಣ್ಣು ರಪ್ಪನೆ ಬಡಿಯಿತು.

ಶಂಭಯ್ಯ ತನ್ನ ಕೈ ನೋಡಿಕೊಂಡ. ಏನೂ ಆಗಿರಲಿಲ್ಲ. ಹ್ಯಾಂಡಲ್ ಹಿಡಿದಿದ್ದ ನೀಲಾಳ ಬೆರಳ ಗಿಣ್ಣು ಮಾತ್ರ ನಮ್ಮ ಕಣ್ಣೆದುರೇ ಸಿಪ್ಪೆ ಸುಲಿದು, ರಕ್ತ ಜಿನುಗಿ, ಬಳೆಯವರೆಗೂ ಇಳಿಯಿತು. ಅವಳು ಕೈ ಬಿಡಲಿಲ್ಲ. ಮೇಕೆ ಹೋದ ಮೇಲೆ ಗಾಡಿ ಮುಂದಕ್ಕೆ ಬಿಟ್ಟಳು.

ಕುಡಿದವರು ಯಾರೂ ಇದನ್ನು ನೋಡುವುದಿಲ್ಲ. ಅವರು ಎಲ್ಲೋ ಬೀಳುತ್ತಾರೆ, ಇಲ್ಲಿ ಇನ್ನೆಲ್ಲೋ ನಮ್ಮ ಚರ್ಮ ಒಡೆಯುತ್ತದೆ. ಶಂಭಯ್ಯನ ಮುಖದ ಬಣ್ಣವೇ ಹೋಯಿತು. "ಇದು ನಂದಾ?" ಎಂದ.

"ಗೀರು ಅಷ್ಟೆ ಅಣ್ಣಾ. ನೀವು ಕೈ ಒಳಗಿಟ್ಕೊಂಡು ಕೂತ್ಕೊಳಿ. ಇವತ್ತು ನೀವು ಪ್ಯಾಸೆಂಜರ್ರು."

ಅವನು ಎರಡೂ ಕೈ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡ. ಹಾರನ್ ಎನ್ನಲಿಲ್ಲ, ಎಡಕ್ಕೆ ಎನ್ನಲಿಲ್ಲ. ಕಾಲನ್ನೂ ಸೀಟಿನಡಿಗೆ ಎಳೆದುಕೊಂಡ. ಸಂತೆಯ ಜನದ ನಡುವೆ ನೀಲಾ ನಿಧಾನವಾಗಿ, ಒಂದು ಬದನೆಕಾಯಿಯೂ ಚಕ್ರಕ್ಕೆ ಸಿಗದಂತೆ ಗಾಡಿ ನುಸುಳಿಸಿದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ನೆಟ್ಟಗಿತ್ತು. ಕನ್ನಡಿಯಲ್ಲಿ ಒಂದು ಸಲ ಹಿಂದೆ ನೋಡಿದಳು, ಆಮೇಲೆ ರಸ್ತೆ ಬಿಟ್ಟು ಕಣ್ಣು ಕದಲಿಸಲಿಲ್ಲ.

ಸಂತೆ ದಾಟಿದ ಮೇಲೆ ಶಂಭಯ್ಯ ಮೆಲ್ಲಗೆ, "ನೀನು ನಿದ್ದೆಗಿದ್ದೆ ಮಾಡಕಿಲ್ಲ ತಾನೆ?" ಎಂದ.

"ಇಲ್ಲಣ್ಣ. ನಾನು ಎಚ್ಚರಾಗೇ ಇದೀನಿ."

"ಜನ ಅವ್ರೆ ಹಿಂದೆ. ನೆನಪಿರ್ಲಿ."

"ನೆನಪೈತೆ ಅಣ್ಣಾ."

ಅವನು ಉಸಿರು ಬಿಟ್ಟ. ಆ ಉಸಿರು ಎಷ್ಟು ಉದ್ದವಿತ್ತೆಂದರೆ, ಇವನು ಸರ್ವಿಸ್‌ಗೆ ಸೇರಿದ ದಿನ ಎಳೆದುಕೊಂಡಿದ್ದನ್ನು ಇವತ್ತು ಬಿಟ್ಟನೇನೋ ಎನ್ನಿಸಿತು. ತಲೆ ಒಮ್ಮೆ ಆ ಕಡೆ ವಾಲಿತು, ಒಮ್ಮೆ ಈ ಕಡೆ. ಕಡೆಗೆ ನನ್ನ ಹೆಗಲ ಮೇಲೆ ಬಂದು ಕೂತಿತು. ನಾನು ಕಿವಿಯಿಟ್ಟು ಕಾದೆ. ಮೊದಲು ಸಣ್ಣದಾಗಿ, ಆಮೇಲೆ ದಿಬ್ಬ ಹತ್ತುವ ಬಸ್ಸಿನ ಹಾಗೆ, ಗೊರಕೆ ಬಂತು. ಅದು ನಟನೆಯಲ್ಲ, ಇಷ್ಟು ವರ್ಷದ ಕಿವಿ ನನ್ನದು. ನನಗೆ ಕಣ್ಣಲ್ಲಿ ನೀರು ಬಂತು.

ಅವನ ಮನೆ ಬಂದರೂ ನೀಲಾ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಚ್ಚರವಾಗುತ್ತದೆ ಎಂದು ಬಸ್ಸಿನಲ್ಲಿ ಮಲಗಿದವರನ್ನು ನೋಡಿದ ಯಾರಿಗಾದರೂ ಗೊತ್ತು. ಕೆರೆ ಏರಿಯ ಮೇಲೆ ಹೋದೆವು, ರೈಸ್ ಮಿಲ್ಲಿನ ಹಿಂದಿನಿಂದ ಬಂದೆವು, ಶಾಲೆಯ ಮೈದಾನ ಸುತ್ತಿದೆವು. ಅವನ ಹೆಂಡತಿ ಗೇಟಿನಲ್ಲಿ ನಿಂತು ಮೊದಲ ಸುತ್ತಿಗೆ ಗಾಬರಿಯಾದಳು, ಎರಡನೆಯ ಸುತ್ತಿಗೆ ಗಂಡನ ಬಾಯಿ ತೆರೆದಿದ್ದು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು, ಮೂರನೆಯ ಸುತ್ತಿಗೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ನಾನು ಹೆಗಲು ಅಲ್ಲಾಡಿಸದೆ ಕೂತೇ ಇದ್ದೆ. ಸೊಂಟ ಅದರ ಪಾಡಿಗೆ ನೋಯುತ್ತಿತ್ತು, ನಾನು ನನ್ನ ಪಾಡಿಗೆ ಬೀಗುತ್ತಿದ್ದೆ. ಮಲಗಿಸುವ ವಿದ್ಯೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದುಕೊಂಡಿದ್ದೆನಲ್ಲ, ಎಚ್ಚರವಾಗಿದ್ದು ಮಲಗಿಸುವುದು ಒಂದಿದೆ ಎಂದು ನನ್ನ ಸೊಸೆ ತೋರಿಸಿಕೊಟ್ಟಳು. ಸೋತವಳ ಹೊಟ್ಟೆ ಉರಿಯಬೇಕಿತ್ತು, ನನ್ನ ಹೊಟ್ಟೆ ತಣ್ಣಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಶಂಭಯ್ಯ ತಾನಾಗಿಯೇ ಕಣ್ಣು ಬಿಟ್ಟ. "ಯಾವೂರ್ ಬಂತು?" ಎಂದ.

"ನಿಮ್ಮೂರೇ ಅಣ್ಣಾ," ಎಂದು ನೀಲಾ ಅವನ ಗೇಟಿನ ಮುಂದೆ ಗಾಡಿ ನಿಲ್ಲಿಸಿದಳು.

ಅವನು ಕಣ್ಣುಜ್ಜಿಕೊಂಡು ಇಳಿದ. ಇಳಿದವನು ಚರಂಡಿಯ ಕಲ್ಲಿಗೆ ಕಾಲ ಹೆಬ್ಬೆರಳನ್ನು ಎಡವಿಕೊಂಡು, "ಅಯ್ಯಯ್ಯಪ್ಪೋ!" ಎಂದು ಕೂಗಿ ಒಂಟಿಕಾಲಿನಲ್ಲಿ ಕುಣಿದ. ನಾನು ನೀಲಾಳ ಕಾಲು ನೋಡಿದೆ. ಬೆರಳು ಬೆರಳೂ ನೋಡಿದೆ. ಕಾಲುಂಗುರದ ಬೆರಳೂ ಸೇರಿ ಹತ್ತೂ ಚೆನ್ನಾಗಿಯೇ ಇದ್ದವು. ಶಂಭಯ್ಯ ತನ್ನ ಹೆಬ್ಬೆರಳು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ನಂಗೇ ನೋಯ್ತೈತೆ ಕಣವ್ವ, ನಂಗೇ ನೋಯ್ತೈತೆ!" ಎಂದು ನಗತೊಡಗಿದ. ಅವನ ಹೆಂಡತಿ ನಕ್ಕಳು, ಗೇಟಿಗೆ ನೆರೆದವರು ನಕ್ಕರು. ನಕ್ಕು ಸುಸ್ತಾದ ಮೇಲೆ ಶಂಭಯ್ಯ ಕುಂಟುತ್ತಾ ಬಂದು, ನೀಲಾಳ ಸುಲಿದ ಬೆರಳನ್ನು ಒಮ್ಮೆ ನೋಡಿ, ಆಟೋದ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್, ಡ್ರೈವರಮ್ಮ," ಎಂದ.

ಗಾಡಿ ನಮ್ಮ ಬೀದಿಯ ಕಡೆ ತಿರುಗಿತು. ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದ ನೀಲಾ, "ನೋವು ಜಾಸ್ತಿ ಆಯ್ತಾ ಅತ್ತೆ? ಮನೇಗೋಗಿ ಬಿಸಿನೀರು ಕಾಸ್ತೀನಿ, ಮಲಗೋರಂತೆ," ಎಂದಳು.

"ಮನೆ ಎಲ್ಲೋಗುತ್ತೆ, ಅಲ್ಲೇ ಇರುತ್ತೆ," ಎಂದೆ. "ಪೇಟೆ ಬೀದಿಗೆ ತಿರುಗ್ಸು. ಇನ್ನೊಂದ್ ಸುತ್ತು ಹೊಡಿ. ಹಾರನ್ ಮಾಡ್ಕೊಂಡು ಹೋಗು."

"ಆಡ್ಕೊಳಲ್ವಾ ಜನ?"

"ಆಡ್ಕೊಳ್ಲಿ. ಚೌಡಮ್ಮನ ಸೊಸೆ ಅಂತ ಹೆಸರು ಹಿಡಿದು ಆಡ್ಕೊಳ್ಲಿ."

ಅವಳು ನಕ್ಕು ಗಾಡಿ ತಿರುಗಿಸಿದಳು. ತಂಗಾಳಿ ಬೀಸುತ್ತಿತ್ತು, ಮೈಯೆಲ್ಲ ಸೋತಿತ್ತು, ಎಂಥವರಿಗೂ ಜೋಂಪು ಹತ್ತಬೇಕು. ನಾನು ಮಾತ್ರ ರೆಪ್ಪೆ ಮುಚ್ಚದೆ ನೆಟ್ಟಗೆ ಕೂತಿದ್ದೆ. ಅಂಗಡಿ ಸಾಲಿನಲ್ಲಿ ಒಬ್ಬೊಬ್ಬರೇ ಎದ್ದು ನಿಂತು ನೋಡುತ್ತಿದ್ದರು, ಅವರ ಮುಖಗಳನ್ನೆಲ್ಲ ನಾನು ನೋಡಬೇಕಿತ್ತು.